ನಿನ್ನೆ ಹೋದ ಪುಸ್ತಕಗಳ ಪಟ್ಟಿ

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಸ್ವತಂತ್ರ ಪುಸ್ತಕದಂಗಡಿಯಲ್ಲಿ ದಿನ ಹೇಗೆ ಸಾಗುತ್ತದೆ, ಅಲ್ಲಿ ಏನು ಸುದ್ದಿ, ಇದನ್ನು ಹೇಳಿ ಅಂತ ಕೇಳಿದ್ದೀರಿ. ಹೇಳುವುದಕ್ಕೆ ಬಹಳ ಇದೆ. ಆದರೆ ನಾನು ಇವತ್ತು ಬಾಗಿಲು ತೆರೆಯುವ ಮೊದಲು ನಡೆಯುವ ಒಂದು ಕೆಲಸದ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಪ್ರತಿದಿನ ಬೆಳಿಗ್ಗೆ ನಾವು ಒಂದು ಪಟ್ಟಿ ಇಟ್ಟುಕೊಂಡು ಕೂರುತ್ತೇವೆ. ನಿನ್ನೆ ಮಾರಾಟವಾದ ಪುಸ್ತಕಗಳ ಪಟ್ಟಿ. ಬಿಲ್ ಮಾಡುವ ಕಂಪ್ಯೂಟರ್ ಅದನ್ನು ತಾನೇ ಕೊಡುತ್ತದೆ. ಒಂದೊಂದು ಸಾಲಿಗೂ ಒಂದೇ ಪ್ರಶ್ನೆ. ಇದನ್ನು ಮತ್ತೆ ತರಿಸಬೇಕಾ?

ಸುಲಭದ ಪ್ರಶ್ನೆ ಅನ್ನಿಸಬಹುದು. ಹೋಗಿದೆ ಅಂದ ಮೇಲೆ ತರಿಸಿದರಾಯ್ತು ಅಲ್ವಾ? ಆದರೆ ನಮ್ಮಂಥ ಅಂಗಡಿಯ ಕಪಾಟಿನಲ್ಲಿ ಬಹುಪಾಲು ಪುಸ್ತಕಗಳು ಇರುವುದು ಒಂದೊಂದೇ ಪ್ರತಿ. ರಾಶಿ ಹಾಕಿ ಮಾರುವ ಪುಸ್ತಕಗಳು ಕೆಲವೇ ಕೆಲವು. ಅವು ಬಾಗಿಲ ಹತ್ತಿರದ ಮೇಜಿನ ಮೇಲೆ ಇರುತ್ತವೆ. ಒಳಗಿನ ಕಪಾಟುಗಳೆಲ್ಲ ಒಂದೇ ಪ್ರತಿಯ ಪುಸ್ತಕಗಳಿಂದಲೇ ತುಂಬಿರುತ್ತವೆ. ಅವುಗಳಲ್ಲಿ ಒಂದು ಹೋದರೆ ಆ ಪುಸ್ತಕವೇ ಅಂಗಡಿಯಲ್ಲಿ ಇಲ್ಲ ಅಂತ ಅರ್ಥ. ಎರಡು ವರ್ಷ ಕಪಾಟಿನಲ್ಲೇ ಕಾದು ನಿನ್ನೆ ಹೋದ ಪುಸ್ತಕವೂ ಪಟ್ಟಿಯಲ್ಲಿ ಇರುತ್ತದೆ, ವಾರಕ್ಕೊಮ್ಮೆ ಹೋಗುವ ಪುಸ್ತಕವೂ ಇರುತ್ತದೆ. ಪಟ್ಟಿಯಲ್ಲಿ ಎರಡಕ್ಕೂ ಒಂದೊಂದೇ ಸಾಲು. ವ್ಯತ್ಯಾಸ ನಮಗೆ ಗೊತ್ತಿರಬೇಕು.

ಎರಡು ವರ್ಷ ಕಾದ ಆ ಪುಸ್ತಕವನ್ನು ಮತ್ತೆ ತರಿಸಿದರೆ ಇನ್ನೂ ಎರಡು ವರ್ಷ ಕಾಯಬೇಕಾಗಬಹುದು. ಅಷ್ಟು ದಿನ ಅದರಲ್ಲಿ ಹಾಕಿದ ದುಡ್ಡು ಕೂತಿರುತ್ತದೆ. ಆ ಜಾಗದಲ್ಲಿ ಬೇರೆ ಏನೂ ಇಡುವ ಹಾಗಿಲ್ಲ. ತರಿಸದೇ ಇದ್ದರೆ? ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಗೆ ಬಂದವರು ಇಲ್ಲದ ಪುಸ್ತಕವನ್ನು ನೋಡುವುದಿಲ್ಲ. ಯಾಕೆ ಇಲ್ಲ ಅಂತ ಕೇಳುವುದೂ ಇಲ್ಲ. ಅಂಗಡಿಯೊಂದು ಸಪ್ಪೆಯಾಗುವುದು ಹೀಗೇ. ಯಾರೂ ಬೇಕಂತ ಮಾಡುವುದಿಲ್ಲ. ದಿನಕ್ಕೆ ಎರಡು ಪುಸ್ತಕಕ್ಕೆ 'ಬೇಡ ಬಿಡು' ಅಂದುಬಿಟ್ಟರೆ ಸಾಕು. ವರ್ಷ ಕಳೆಯುವಷ್ಟರಲ್ಲಿ ನಿಮ್ಮ ಕಪಾಟೂ ಬೇರೆ ಎಲ್ಲರ ಕಪಾಟೂ ಒಂದೇ ಥರ ಆಗಿರುತ್ತವೆ.

ನನಗೆ ಸ್ವತಂತ್ರ ಅಂಗಡಿ ಮುಖ್ಯ ಅನ್ನಿಸುವುದು ಇದೇ ಕಾರಣಕ್ಕೆ. ಮಾಲೀಕರು ಯಾರು, ಅಂಗಡಿ ದೊಡ್ಡದೋ ಸಣ್ಣದೋ, ಒಳಗೆ ಹಳೇ ಮರದ ಕುರ್ಚಿ ಇದೆಯೋ ಇಲ್ಲವೋ, ಇವು ಆಮೇಲಿನ ಮಾತು. 'ಮತ್ತೆ ತರಿಸಬೇಕಾ' ಅನ್ನುವ ಪ್ರಶ್ನೆಗೆ ಅದೇ ಅಂಗಡಿಯಲ್ಲಿ ನಿಂತ, ಅಲ್ಲಿಗೆ ಬರುವವರ ಮುಖ ಗೊತ್ತಿರುವ ಮನುಷ್ಯರು ಉತ್ತರ ಕೊಡುತ್ತಾರಾ? ನಾನು ನೋಡುವುದು ಅದನ್ನೇ.

ಇದು ದೊಡ್ಡ ಮಳಿಗೆಗಳಿಗೂ ತಿಳಿಯದ ವಿಷಯ ಏನಲ್ಲ. ಬ್ರಿಟನ್ನಿನ ವಾಟರ್‌ಸ್ಟೋನ್ಸ್ ದೊಡ್ಡ ಸರಪಳಿ ಮಳಿಗೆ. 2011ರಲ್ಲಿ ಅದು ತುಂಬ ಕಷ್ಟದಲ್ಲಿತ್ತು. ಆಗ ಅದರ ಹೊಣೆ ಹೊತ್ತವರು ಜೇಮ್ಸ್ ಡಾಂಟ್. ಅವರು ತಮ್ಮದೇ ಸ್ವತಂತ್ರ ಪುಸ್ತಕದಂಗಡಿ ನಡೆಸಿಕೊಂಡು ಬಂದವರು. ಅಲ್ಲಿಯವರೆಗೆ ಯಾವ ಪುಸ್ತಕ ಮುಂದಿನ ಮೇಜಿನ ಮೇಲೆ ಕೂರಬೇಕು ಅನ್ನುವುದಕ್ಕೆ ಪ್ರಕಾಶಕರು ದುಡ್ಡು ಕೊಡುತ್ತಿದ್ದರು. ಡಾಂಟ್ ಅದನ್ನು ನಿಲ್ಲಿಸಿದರು. ಏನು ಇಡಬೇಕು, ಎಲ್ಲಿ ಇಡಬೇಕು ಅನ್ನುವುದನ್ನು ಆಯಾ ಶಾಖೆಯವರಿಗೆ ಬಿಟ್ಟರು. ಬರುತ್ತಿದ್ದ ದುಡ್ಡು ಬಿಡುವುದು ಹುಚ್ಚು ಅಂತ ಆಗ ಅನ್ನಿಸಿರಬೇಕು. ಆದರೆ ಮಳಿಗೆ ಚೇತರಿಸಿಕೊಂಡಿತು. 2019ರಲ್ಲಿ ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಕೂಡ ಅವರ ಕೈಗೇ ಬಂತು. ಅಲ್ಲೂ ಇದೇ ದಾರಿ ಹಿಡಿದರು.

ಸರಿ, ಪಟ್ಟಿ ಮುಗಿಯಿತು, ಆರ್ಡರ್ ಹೋಯಿತು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ರಟ್ಟಿನ ಪೆಟ್ಟಿಗೆಗಳು ಬಂದಿರುತ್ತವೆ. ಪುಸ್ತಕದಂಗಡಿಯ ಕೆಲಸದಲ್ಲಿ ಓದುವುದಕ್ಕಿಂತ ಎತ್ತುವುದು ಜಾಸ್ತಿ. ಪೆಟ್ಟಿಗೆ ಬಿಚ್ಚಬೇಕು. ಬಿಲ್ ಜೊತೆ ತಾಳೆ ನೋಡಬೇಕು. ಮೂಲೆ ಮಡಚಿದ್ದು, ಹಾಳೆ ತಿರುಗಮುರುಗ ಹೊಲಿದದ್ದು, ಮಧ್ಯದಲ್ಲಿ ಖಾಲಿ ಪುಟ ಬಂದದ್ದು, ಇವನ್ನು ಬೇರೆ ತೆಗೆದಿಡಬೇಕು. ಒಂದೊಂದನ್ನೂ ಕಂಪ್ಯೂಟರಿಗೆ ಏರಿಸಬೇಕು.

ಏರಿಸುವುದು ಹಿಂದಿನ ರಕ್ಷಾಪುಟದ ಬಾರ್‌ಕೋಡ್ ನೋಡಿ. ಅದರೊಳಗಿರುವುದು ಐಎಸ್‌ಬಿಎನ್ ಸಂಖ್ಯೆ. ಈ ಸಂಖ್ಯೆಯ ಮೇಲೆ ನನಗೆ ತುಂಬ ಪ್ರೀತಿ. ಹಾಗಾಗಿ ಎರಡು ಮಾತು ಹೇಳುತ್ತೇನೆ. 1960ರ ದಶಕದಲ್ಲಿ ಬ್ರಿಟನ್ನಿನ ಡಬ್ಲ್ಯು. ಎಚ್. ಸ್ಮಿತ್ ಕಂಪನಿ ತನ್ನ ಗೋದಾಮಿನ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಹೊರಟಿತು. ಆಗ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಬೇಕಾಯಿತು. ಸಂಖ್ಯಾಶಾಸ್ತ್ರಜ್ಞ ಗಾರ್ಡನ್ ಫಾಸ್ಟರ್ 9 ಅಂಕಿಯ ಒಂದು ಪದ್ಧತಿ ಮಾಡಿಕೊಟ್ಟರು. 1970ರಲ್ಲಿ ಅದೇ 10 ಅಂಕಿಯ ಅಂತರರಾಷ್ಟ್ರೀಯ ಪದ್ಧತಿ ಆಯಿತು. 2007ರಿಂದ 13 ಅಂಕಿ. ಈಗಿನ ಸಂಖ್ಯೆ 978 ಅಥವಾ 979ರಿಂದ ಶುರುವಾಗುತ್ತದೆ.

ಚೆಂದ ಇರುವುದು ಕೊನೆಯ ಅಂಕಿಯಲ್ಲಿ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು ಮತ್ತೆ 1ರಿಂದ ಗುಣಿಸುತ್ತಾ ಹೋಗಿ, ಎಲ್ಲ ಕೂಡಿದರೆ ಬರುವ ಮೊತ್ತವನ್ನು 10ರಿಂದ ಭಾಗಿಸಿದಾಗ ಶೇಷ ಉಳಿಯಬಾರದು. ಆ ಲೆಕ್ಕ ಕೂಡಿಬರಲಿ ಅಂತಲೇ ಕೊನೆಯ ಅಂಕಿಯನ್ನು ಇಟ್ಟಿರುತ್ತಾರೆ. ಬಾರ್‌ಕೋಡ್ ಹರಿದುಹೋಗಿ, ನಾವು ಕೈಯಲ್ಲಿ ಸಂಖ್ಯೆ ಒತ್ತುವಾಗ ಒಂದು ಅಂಕಿ ತಪ್ಪಿದರೆ ಕಂಪ್ಯೂಟರ್ ತಕ್ಷಣ ಬೇಡ ಅನ್ನುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಬಹುತೇಕ ಸಿಕ್ಕಿಬೀಳುತ್ತದೆ. ಆ ಎರಡರ ನಡುವೆ 5 ವ್ಯತ್ಯಾಸ ಇದ್ದರೆ ಮಾತ್ರ ಸಿಕ್ಕುವುದಿಲ್ಲ. 27 ಒತ್ತುವ ಕಡೆ 72 ಒತ್ತಿದರೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, 2ಕ್ಕೂ 7ಕ್ಕೂ 5 ವ್ಯತ್ಯಾಸ ಇದೆ. ಹಳೇ 10 ಅಂಕಿಯ ಪದ್ಧತಿ ಅದನ್ನೂ ಹಿಡಿಯುತ್ತಿತ್ತು. ಕೆಲವು ಹಳೆಯ ಪುಸ್ತಕಗಳ ಸಂಖ್ಯೆಯ ಕೊನೆಯಲ್ಲಿ ಎಕ್ಸ್ ಅಂತ ಇರುತ್ತದಲ್ಲ, ಅದು ಆ ಲೆಕ್ಕದಿಂದ ಬಂದದ್ದು, ಅಲ್ಲಿ ಅದರ ಬೆಲೆ 10.

ಪುಸ್ತಕ ಕಪಾಟಿಗೆ ಹೋಗಬೇಕು. ಎಲ್ಲಿ? ಇದೂ ತೀರ್ಮಾನವೇ. ಒಬ್ಬ ವೈದ್ಯರು ತಮ್ಮ ತಾಯಿಯ ಕೊನೆಯ ದಿನಗಳ ಬಗ್ಗೆ ಬರೆದ ಪುಸ್ತಕ ಬಂತು ಅನ್ನಿ. ಆತ್ಮಕಥೆಯ ಕಪಾಟಿಗೆ ಹೋಗಬೇಕಾ, ಆರೋಗ್ಯದ್ದಕ್ಕಾ, ಪ್ರಬಂಧಕ್ಕಾ? ಆರೋಗ್ಯದ ಕಪಾಟಿಗೆ ಹಾಕಿದರೆ ಅದನ್ನು ಪ್ರೀತಿಸಬಹುದಾದ ಓದುಗರು ಅದರ ಹತ್ತಿರ ಸುಳಿಯುವುದೇ ಇಲ್ಲ. ಆರು ತಿಂಗಳು ಕದಲದ ಪುಸ್ತಕವೊಂದನ್ನು ಪಕ್ಕದ ಕಪಾಟಿಗೆ ಬದಲಿಸಿದ್ದಕ್ಕೆ ಅದೇ ವಾರ ಹೋಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮುಖಪುಟ ಕಾಣುವ ಹಾಗೆ ಇಟ್ಟರಂತೂ ಬೇಗ ಹೋಗುತ್ತದೆ. ಆದರೆ ಹಾಗೆ ಇಡಲು ನಾಲ್ಕೈದು ಪುಸ್ತಕಗಳ ಜಾಗ ಬೇಕು. ಒಂದಕ್ಕೆ ಮುಖ ಕೊಟ್ಟರೆ ಉಳಿದವು ಬೆನ್ನು ತೋರಿಸಿಕೊಂಡು ನಿಲ್ಲಬೇಕು.

ಕಿಟಕಿಯ ಪ್ರದರ್ಶನವನ್ನು ಆಗಾಗ ಬದಲಿಸುತ್ತೇವೆ. ಅಂದಕ್ಕೆ ಮಾತ್ರ ಅಲ್ಲ. ಬಿಸಿಲಿಗೆ ಕೆಂಪು ಮತ್ತು ಹಳದಿ ಬಣ್ಣ ಮೊದಲು ಮಾಸುತ್ತವೆ, ನೀಲಿ ಉಳಿಯುತ್ತದೆ. ಕಿಟಕಿಯಲ್ಲಿ ಮರೆತುಹೋದ ಪುಸ್ತಕ ಕೊನೆಗೆ ಬರೀ ನೀಲಿಯಾಗಿ ಕಾಣುತ್ತದೆ. ಅದನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳುವುದಿಲ್ಲ.

ವಾಪಸ್ ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ.

ಬಟ್ಟೆ ಅಂಗಡಿಯವರು, ಪಾತ್ರೆ ಅಂಗಡಿಯವರು ಮಾರಾಟವಾಗದ ಸರಕನ್ನು ಸಾಮಾನ್ಯವಾಗಿ ತಾವೇ ಅನುಭವಿಸಬೇಕು. ಪುಸ್ತಕ ವ್ಯಾಪಾರದಲ್ಲಿ ಹಲವು ದೇಶಗಳಲ್ಲಿ ಬೇರೆ ಪದ್ಧತಿ ಇದೆ. ಮಾರಾಟವಾಗದ ಪುಸ್ತಕವನ್ನು ಗೊತ್ತಾದ ಅವಧಿಯೊಳಗೆ ಪ್ರಕಾಶಕರಿಗೆ ಹಿಂತಿರುಗಿಸಬಹುದು. ಅಮೆರಿಕದಲ್ಲಿ ಇದು ಬೇರೂರಿದ್ದು 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಅಂಗಡಿಯವರ ಕೈಯಲ್ಲಿ ದುಡ್ಡಿರಲಿಲ್ಲ. ಹೊಸ ಪುಸ್ತಕ ತರಿಸಲು ಹೆದರುತ್ತಿದ್ದರು. 'ಹೋಗದಿದ್ದರೆ ವಾಪಸ್ ಕೊಡಿ' ಅಂತ ಪ್ರಕಾಶಕರು ಧೈರ್ಯ ಕೊಟ್ಟರು. ಕಷ್ಟಕಾಲ ಮುಗಿದರೂ ಪದ್ಧತಿ ಉಳಿಯಿತು.

ಇದರಿಂದ ಒಳ್ಳೆಯದಾಗಿದೆ. ಹೆಸರು ಕೇಳದ ಲೇಖಕರ ಮೊದಲ ಪುಸ್ತಕವನ್ನು ನಾನು ಧೈರ್ಯವಾಗಿ ಎರಡು ಪ್ರತಿ ತರಿಸಬಲ್ಲೆ. ಕೆಟ್ಟದ್ದೂ ಆಗಿದೆ. ಪುಸ್ತಕ ಬಂದು ಕೆಲವು ತಿಂಗಳಿಗೇ ಅದರ ಹೆಸರು ವಾಪಸ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅವಧಿ ಮುಗಿಯುವುದರೊಳಗೆ ಕಳಿಸಿದರೆ ದುಡ್ಡು ಲೆಕ್ಕಕ್ಕೆ ಜಮಾ ಆಗುತ್ತದೆ, ತಪ್ಪಿದರೆ ಇಲ್ಲ. ವಾಪಸ್ ಹೋದ ಪುಸ್ತಕಗಳಲ್ಲಿ ಒಂದು ಪಾಲು ಮತ್ತೆ ಓದುಗರ ಕೈಗೆ ಬರುವುದೇ ಇಲ್ಲ, ಅರೆದು ಕಾಗದದ ತಿರುಳಾಗುತ್ತವೆ. ಅಗ್ಗದ ಸಣ್ಣ ಪೇಪರ್‌ಬ್ಯಾಕ್‌ಗಳ ವ್ಯಾಪಾರದಲ್ಲಿ ಅಮೆರಿಕದಲ್ಲಿ ಇನ್ನೊಂದು ರೂಢಿ ಇತ್ತು. ಇಡೀ ಪುಸ್ತಕ ಸಾಗಿಸುವ ಖರ್ಚು ಜಾಸ್ತಿ ಅಂತ ಮುಖಪುಟ ಮಾತ್ರ ಕಿತ್ತು ಕಳಿಸುತ್ತಿದ್ದರು. ಉಳಿದದ್ದು ಕಸಕ್ಕೆ. ಮುಖಪುಟ ಇಲ್ಲದ ಪುಸ್ತಕ ಕೊಳ್ಳಬೇಡಿ ಅನ್ನುವ ಎಚ್ಚರಿಕೆ ಕೆಲವು ಹಳೆಯ ಪೇಪರ್‌ಬ್ಯಾಕ್‌ಗಳ ಒಳಪುಟದಲ್ಲಿ ಇರುತ್ತದೆ. ಅದು ಇದಕ್ಕಾಗಿ.

ವಾಪಸ್ ಪಟ್ಟಿ ಹಿಡಿದು ಕಪಾಟಿನ ಮುಂದೆ ನಿಲ್ಲುವ ದಿನ ನನಗೆ ಹಿಡಿಸುವುದಿಲ್ಲ. ಆದರೆ ಆ ಕೆಲಸವನ್ನು ಬೇರೆಯವರಿಗೆ ಬಿಡುವುದೂ ಇಲ್ಲ. ಪಟ್ಟಿ ಹೇಳುವುದು ಕೊನೆಯ ಮಾರಾಟದ ತಾರೀಕು ಮಾತ್ರ. ಈ ಪುಸ್ತಕವನ್ನು ಒಬ್ಬ ಹುಡುಗಿ ವಾರಕ್ಕೊಮ್ಮೆ ಬಂದು ನಿಂತುಕೊಂಡೇ ಹತ್ತು ಪುಟ ಓದಿ ಹೋಗುತ್ತಾಳೆ ಅನ್ನುವುದು ಪಟ್ಟಿಗೆ ಗೊತ್ತಿಲ್ಲ. ಈ ಕವಿಯನ್ನು ಕೇಳಿಕೊಂಡು ಬರುವವರು ವರ್ಷಕ್ಕೆ ಒಬ್ಬರೋ ಇಬ್ಬರೋ, ಆದರೆ ಅವರಿಗೆ ಅದು ಬೇರೆಲ್ಲೂ ಸಿಕ್ಕಿರುವುದಿಲ್ಲ ಅನ್ನುವುದೂ ಗೊತ್ತಿಲ್ಲ. ಹಾಗಾಗಿ ಪಟ್ಟಿಯಲ್ಲಿರುವ ಕೆಲವನ್ನು ನಾನು ಕಳಿಸುವುದಿಲ್ಲ. ಅವು ನಮ್ಮ ಖರ್ಚು. ಅಂಥ ಖರ್ಚು ಎಷ್ಟು ತಡೆದುಕೊಳ್ಳಬಹುದು ಅನ್ನುವುದರ ಮೇಲೆ ಅಂಗಡಿಯ ಗುಣ ನಿಂತಿರುತ್ತದೆ. ಎಲ್ಲವನ್ನೂ ಉಳಿಸಿಕೊಂಡರೆ ಅಂಗಡಿ ಮುಚ್ಚಬೇಕು. ಎಲ್ಲವನ್ನೂ ಕಳಿಸಿದರೆ ಅದನ್ನು ತೆರೆದಿಟ್ಟುಕೊಳ್ಳುವ ಅಗತ್ಯವೇ ಕಾಣುವುದಿಲ್ಲ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಬಹಳಷ್ಟು ಕಡೆ ಪುಸ್ತಕದ ಬೆಲೆ ಅದರ ಮೇಲೇ ಅಚ್ಚಾಗಿ ಬರುತ್ತದೆ. ಬಾಡಿಗೆ ಏರಿತು ಅಂತ ನಾವು ಬೆಲೆ ಏರಿಸುವಂತಿಲ್ಲ. ಮುಖಬೆಲೆಯಲ್ಲಿ ಒಂದು ಪಾಲು ಅಂಗಡಿಗೆ ಉಳಿಯುತ್ತದೆ. ಅದರಲ್ಲೇ ಬಾಡಿಗೆ, ಸಂಬಳ, ಕರೆಂಟು, ಸಾಗಣೆ, ಕಳುವು. ದೊಡ್ಡ ಆನ್‌ಲೈನ್ ಮಳಿಗೆ ಅದೇ ಪುಸ್ತಕವನ್ನು ನಾವು ಪ್ರಕಾಶಕರಿಂದ ಕೊಳ್ಳುವ ಬೆಲೆಗೇ ಮಾರುವುದೂ ಉಂಟು. ಕೆಲವು ದೇಶಗಳು ಇದಕ್ಕೆ ಕಾನೂನು ಮಾಡಿಕೊಂಡಿವೆ. ಫ್ರಾನ್ಸ್‌ನಲ್ಲಿ 1981ರ ಕಾನೂನಿನ ಪ್ರಕಾರ ಹೊಸ ಪುಸ್ತಕದ ಬೆಲೆ ನಿಗದಿ ಮಾಡುವವರು ಪ್ರಕಾಶಕರು, ರಿಯಾಯಿತಿ ಶೇಕಡಾ 5ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಆಗಿನ ಸಂಸ್ಕೃತಿ ಸಚಿವ ಜಾಕ್ ಲಾಂಗ್ ಅವರ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಜರ್ಮನಿಯಲ್ಲೂ ನಿಗದಿತ ಬೆಲೆ ಇದೆ. ಬ್ರಿಟನ್ನಿನಲ್ಲಿ 1900ರಿಂದ ಇದ್ದ ಅಂಥದೇ ಒಪ್ಪಂದ 1990ರ ದಶಕದಲ್ಲಿ ಮುರಿದುಬಿತ್ತು. ಆಮೇಲೆ ಅಲ್ಲಿ ಸೂಪರ್‌ಮಾರ್ಕೆಟ್‌ಗಳೂ ಜನಪ್ರಿಯ ಪುಸ್ತಕಗಳನ್ನು ಭಾರಿ ರಿಯಾಯಿತಿಗೆ ಮಾರತೊಡಗಿದವು. ನಾನು ನಿಗದಿತ ಬೆಲೆಯ ಪರ. ಜನಪ್ರಿಯ ಪುಸ್ತಕದಲ್ಲಿ ಬರುವ ದುಡ್ಡೇ ಕವನ ಸಂಕಲನದ ಕಪಾಟನ್ನು ಸಾಕುತ್ತದೆ. ಅದನ್ನು ಬೇರೆಯವರು ಎತ್ತಿಕೊಂಡು ಹೋದರೆ ಕವನದ ಕಪಾಟು ಒಂಟಿಯಾಗಿ ನಿಲ್ಲಲಾರದು.

ಇಷ್ಟಾದರೂ ಅಂಗಡಿಗಳು ಉಳಿದಿವೆ. ಅಮೆಜಾನ್ ಪುಸ್ತಕ ಮಾರಲು ಶುರುಮಾಡಿದ್ದು 1995ರಲ್ಲಿ. ಆಮೇಲೆ ಅಮೆರಿಕದಲ್ಲಿ ಸ್ವತಂತ್ರ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಆದರೆ 2009ರಿಂದ ಅದು ತಿರುಗಿತು. ಅಲ್ಲಿನ ಪುಸ್ತಕ ಮಾರಾಟಗಾರರ ಸಂಘದ ಲೆಕ್ಕದಲ್ಲಿ 2009ರಲ್ಲಿ 1,651 ಇದ್ದ ಸ್ವತಂತ್ರ ಅಂಗಡಿಗಳು 2015ರಲ್ಲಿ 2,227 ಆದವು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಯಾನ್ ರಫೆಲ್ಲಿ ಇದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಸುತ್ತಲಿನ ಜನರ ಜೊತೆಗಿನ ನಂಟು, ಪುಸ್ತಕಗಳ ಆಯ್ಕೆ, ಜನ ಸೇರುವ ಕಾರ್ಯಕ್ರಮಗಳು, ಈ ಮೂರನ್ನು ಅವರು ಕಾರಣವಾಗಿ ಹೇಳುತ್ತಾರೆ. ನನ್ನ ಕಣ್ಣಿಗೆ ನಡುವಿನದು, ಅಂದರೆ ಆಯ್ಕೆ, ಎಲ್ಲಕ್ಕಿಂತ ದೊಡ್ಡದು. ಕಾರ್ಯಕ್ರಮಕ್ಕೆ ಬಂದವರು ಕುರ್ಚಿ ಬಿಟ್ಟು ಎದ್ದ ಮೇಲೆ ನೋಡುವುದು ಕಪಾಟನ್ನೇ ತಾನೇ?

ಇನ್ನು ಸುದ್ದಿಗೆ ಬರುತ್ತೇನೆ. ಪುಸ್ತಕದಂಗಡಿಯಲ್ಲಿ ಸುದ್ದಿ ಅಂದರೆ ಏನು? ಹೊರಗಿನ ದೊಡ್ಡ ಸುದ್ದಿ ನಮ್ಮಲ್ಲಿ ಮೊದಲು ಕಾಣುವುದು ಫೋನಿನಲ್ಲಿ.

ನೊಬೆಲ್ ಸಾಹಿತ್ಯ ಪ್ರಶಸ್ತಿ ಪ್ರಕಟವಾಗುವುದು ಅಕ್ಟೋಬರಿನ ಒಂದು ಗುರುವಾರ. ಅದಕ್ಕೆ ಕಿರುಪಟ್ಟಿ ಅಂತ ಹೊರಗೆ ಬಿಡುವುದಿಲ್ಲ. ಯಾರ ಹೆಸರು ಸೂಚನೆಯಾಗಿತ್ತು ಅನ್ನುವುದನ್ನೂ 50 ವರ್ಷ ಗುಟ್ಟಾಗಿ ಇಡುತ್ತಾರೆ. ಹಾಗಾಗಿ ನಾವು ಮೊದಲೇ ಪುಸ್ತಕ ತರಿಸಿ ಇಟ್ಟುಕೊಳ್ಳಲು ಆಗುವುದಿಲ್ಲ. ಹೆಸರು ಹೊರಬಿದ್ದ ಕೂಡಲೇ ಕಪಾಟಿನತ್ತ ಓಡುತ್ತೇವೆ. ಒಂದು ಪ್ರತಿ ಇದ್ದರೆ ಅದೃಷ್ಟ. ವಿತರಕರ ಗೋದಾಮು ಸಂಜೆಯೊಳಗೆ ಖಾಲಿ. ಮರುಮುದ್ರಣ ಆಗಿ ಬರಲು ವಾರಗಳೇ ಬೇಕು. ಆಗ ಕೌಂಟರಿನ ಹತ್ತಿರ ಒಂದು ಪುಸ್ತಕವಿಟ್ಟು ಹೆಸರು, ಫೋನ್ ನಂಬರ್ ಬರೆದುಕೊಳ್ಳುತ್ತೇವೆ. ಬುಕರ್ ಪ್ರಶಸ್ತಿ ಹಾಗಲ್ಲ. ಮೊದಲು ದೊಡ್ಡ ಪಟ್ಟಿ, ಆಮೇಲೆ ಕಿರುಪಟ್ಟಿ, ಆಮೇಲೆ ಪ್ರಶಸ್ತಿ. ತಿಂಗಳುಗಟ್ಟಲೆ ಮಾತು ನಡೆಯುತ್ತದೆ. ಗೆಲ್ಲದ ಪುಸ್ತಕಗಳಿಗೂ ಆ ದಿನಗಳಲ್ಲಿ ಓದುಗರು ಸಿಗುತ್ತಾರೆ. ಅಂಗಡಿಯವರ ದೃಷ್ಟಿಯಿಂದ ನನಗೆ ಈ ಪದ್ಧತಿಯೇ ಇಷ್ಟ.

ಲೇಖಕರೊಬ್ಬರು ತೀರಿಕೊಂಡ ದಿನವೂ ಹೀಗೇ ಜನ ಬರುತ್ತಾರೆ. ಅಂದು ಕೇಳುವ ದನಿಯೇ ಬೇರೆ ಇರುತ್ತದೆ. ಓದಬೇಕು ಓದಬೇಕು ಅಂದುಕೊಂಡು ಮುಂದೆ ಹಾಕಿದ್ದವರು, ಒಂದು ಕಾಲಕ್ಕೆ ಓದಿ ಯಾರಿಗೋ ಕೊಟ್ಟು ಕಳೆದುಕೊಂಡವರು. ಅವತ್ತು ನಾನು ಏನನ್ನೂ ಮಾರುವ ಪ್ರಯತ್ನ ಮಾಡುವುದಿಲ್ಲ. ಇದ್ದದ್ದನ್ನು ಮೇಜಿನ ಮೇಲೆ ತಂದಿಡುತ್ತೇನೆ, ಅಷ್ಟೇ.

ಇವು ಪತ್ರಿಕೆಗೂ ಹೋಗುವ ಸುದ್ದಿಗಳು. ಹೋಗದವು ಬೇರೆ ಇವೆ. ವರ್ಷಗಳಿಂದ ಪ್ರತಿಗಳು ಮುಗಿದಿದ್ದ ಪುಸ್ತಕ ಮರುಮುದ್ರಣ ಆಗಿ ಬಂತು. ನಮಗೆ ಅದು ದೊಡ್ಡ ಸುದ್ದಿ. ಆ ಪುಸ್ತಕ ಯಾರಿಗೆ ಬೇಕಿತ್ತು ಅಂತ ನೆನಪು ಮಾಡಿಕೊಂಡು ಫೋನ್ ಮಾಡುವುದು ಈ ಕೆಲಸದ ಅತಿ ಸಂತೋಷದ ಭಾಗ. ಒಬ್ಬ ಸಣ್ಣ ಪ್ರಕಾಶಕರು ನಿಲ್ಲಿಸಿಬಿಟ್ಟರು. ಅದೂ ಸುದ್ದಿಯೇ. ಅವರ ಪುಸ್ತಕಗಳು ನಮ್ಮ ಕಪಾಟಿನಲ್ಲಿ ಎಷ್ಟಿವೆ ಅಂತ ಎಣಿಸುತ್ತೇವೆ. ಅವು ಹೋದ ಮೇಲೆ 'ಮತ್ತೆ ತರಿಸಬೇಕಾ' ಅಂತ ಕೇಳುವ ಅವಕಾಶವೇ ಇಲ್ಲ.

ಜನ ಕೇಳುವ ರೀತಿಯ ಬಗ್ಗೆಯೂ ಹೇಳಬೇಕು. 'ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಒಂದು ಪುಸ್ತಕ ಬೇಕು, ಆದರೆ ಅವರಿಗೆ ಭಾರ ಹಿಡಿಯಲಾಗುವುದಿಲ್ಲ' ಅಂತ ಒಬ್ಬರು ಕೇಳಿದರು. ಅಂದು ನಾನು ಪುಸ್ತಕಗಳನ್ನು ಒಂದೊಂದಾಗಿ ಒಂದೇ ಕೈಯಲ್ಲಿ ಹಿಡಿದು ನೋಡಿದೆ. ದಪ್ಪ ಕಡಿಮೆ ಇದ್ದರೆ ಸಾಲದು. ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳಬಾರದು. ಅಕ್ಷರ ದೊಡ್ಡದಿರಬೇಕು. ಇನ್ನೊಬ್ಬರು ದಾದಿ. ರಾತ್ರಿ ಪಾಳಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಬೇಕು, ಎಲ್ಲಿ ಬಿಟ್ಟರೂ ಎಲ್ಲಿ ಹಿಡಿದರೂ ನಡೆಯುವ ಪುಸ್ತಕ ಕೊಡಿ ಅಂದರು. ಇಂಥ ವಿಭಾಗಗಳು ಯಾವ ಅಂಗಡಿಯ ಫಲಕದಲ್ಲೂ ಇರುವುದಿಲ್ಲ. ಆದರೆ ಆ ಪ್ರಶ್ನೆಗಳಿಗೆ ಉತ್ತರವಾಗಬಲ್ಲ ಪುಸ್ತಕಗಳು ಕಪಾಟಿನಲ್ಲಿ ಇರಬೇಕು. ಬೆಳಿಗ್ಗೆ ಪಟ್ಟಿ ನೋಡುವಾಗ ನನ್ನ ತಲೆಯಲ್ಲಿ ಇವರೇ ಇರುತ್ತಾರೆ.

ಯಾವ ಪುಸ್ತಕ ಇಡಬೇಕು ಅನ್ನುವ ತೀರ್ಮಾನಕ್ಕೆ ಕೆಲವೊಮ್ಮೆ ದೊಡ್ಡ ಬೆಲೆ ಕೊಡಬೇಕಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಲೈಟ್ಸ್ ಅಂಗಡಿ ಶುರುವಾದದ್ದು 1953ರಲ್ಲಿ, ಪೇಪರ್‌ಬ್ಯಾಕ್‌ಗಳನ್ನು ಮಾತ್ರ ಮಾರುವ ಅಂಗಡಿಯಾಗಿ. 1957ರಲ್ಲಿ ಆಲನ್ ಗಿನ್ಸ್‌ಬರ್ಗ್ ಅವರ ಕವನ ಸಂಕಲನವೊಂದು ಅಶ್ಲೀಲ ಅಂತ ಪೊಲೀಸರು ಬಂದರು. ಪುಸ್ತಕ ಪ್ರಕಟಿಸಿದವರು ಅಂಗಡಿಯ ಮಾಲೀಕ ಲಾರೆನ್ಸ್ ಫೆರ್ಲಿಂಗೆಟ್ಟಿ, ಅವರ ಮೇಲೂ ಮೊಕದ್ದಮೆ ನಡೆಯಿತು. ಆದರೆ ಅಂದು ಅಂಗಡಿಯಲ್ಲಿ ಬಂಧನಕ್ಕೆ ಒಳಗಾದವರು ಶಿಗ್ ಮುರಾವ್. ಸಾಮಾನ್ಯ ಗಿರಾಕಿಯ ವೇಷದಲ್ಲಿ ಬಂದ ಪೊಲೀಸರಿಗೆ ಕೌಂಟರಿನಲ್ಲಿ ಆ ಪುಸ್ತಕ ಮಾರಿದವರು ಅವರು. ಅವರ ಮೇಲಿನ ಆರೋಪ ವಿಚಾರಣೆಯ ನಡುವೆಯೇ ಬಿದ್ದುಹೋಯಿತು. ಆ ಅಕ್ಟೋಬರಿನಲ್ಲಿ ನ್ಯಾಯಾಧೀಶ ಕ್ಲೇಟನ್ ಹಾರ್ನ್ ಪುಸ್ತಕ ಅಶ್ಲೀಲ ಅಲ್ಲ ಅಂತ ತೀರ್ಪು ಕೊಟ್ಟರು. ಕವಿಯ ಹೆಸರು, ಪ್ರಕಾಶಕರ ಹೆಸರು ಎಲ್ಲರಿಗೂ ಗೊತ್ತು. ಬಿಲ್ ಮಾಡಿದವರ ಹೆಸರನ್ನೂ ನಾವು ನೆನಪಿಡಬೇಕು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಅಂಗಡಿಯ ವಿಷಯ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ಸಿಲ್ವಿಯಾ ಬೀಚ್ 1919ರಲ್ಲಿ ಪ್ಯಾರಿಸ್‌ನಲ್ಲಿ ಶೇಕ್ಸ್‌ಪಿಯರ್ ಅಂಡ್ ಕಂಪನಿ ಅನ್ನುವ ಇಂಗ್ಲಿಷ್ ಪುಸ್ತಕದಂಗಡಿ ತೆರೆದರು. ಜೇಮ್ಸ್ ಜಾಯ್ಸ್ ಅವರ ಕಾದಂಬರಿಯನ್ನು 1922ರಲ್ಲಿ ಪ್ರಕಟಿಸಿದ್ದು ಅವರೇ. ಆ ಕಥೆ ಬಹಳ ಜನಕ್ಕೆ ಗೊತ್ತು. ಅವರ ಅಂಗಡಿ ಪುಸ್ತಕಗಳನ್ನು ಮಾರುತ್ತಿತ್ತು, ಜೊತೆಗೆ ಚಂದಾದಾರರಿಗೆ ಎರವಲೂ ಕೊಡುತ್ತಿತ್ತು. ಯಾರು ಯಾವ ಪುಸ್ತಕ ತೆಗೆದುಕೊಂಡರು, ಯಾವತ್ತು ವಾಪಸ್ ಕೊಟ್ಟರು ಅಂತ ಒಬ್ಬೊಬ್ಬರ ಹೆಸರಿನಲ್ಲಿ ಕಾರ್ಡ್ ಬರೆದಿಡುತ್ತಿದ್ದರು. ಹೆಮಿಂಗ್ವೇ ಅವರ ಕಾರ್ಡೂ ಅಲ್ಲಿದೆ, ಯಾರಿಗೂ ಹೆಸರು ಗೊತ್ತಿಲ್ಲದ ಎಷ್ಟೋ ಓದುಗರ ಕಾರ್ಡೂ ಇದೆ. ಉಳಿದುಬಂದ ಕಾರ್ಡುಗಳು ಈಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಇವೆ. ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. 1930ರ ದಶಕದಲ್ಲಿ ಅಂಗಡಿ ಮುಚ್ಚುವ ಸ್ಥಿತಿಗೆ ಬಂದಾಗ ಆಂದ್ರೆ ಜೀದ್ ಮತ್ತು ಇತರ ಲೇಖಕರು ಸೇರಿ ಗೆಳೆಯರ ಬಳಗವೊಂದನ್ನು ಕಟ್ಟಿದರು. ಸದಸ್ಯರು ವರ್ಷಕ್ಕಿಷ್ಟು ಅಂತ ಹಣ ಕೊಡುತ್ತಿದ್ದರು. ಲೇಖಕರು ಅಂಗಡಿಯಲ್ಲೇ ತಮ್ಮ ಬರಹ ಓದುತ್ತಿದ್ದರು. ಅಂಗಡಿ ಮುಚ್ಚಿದ್ದು 1941ರಲ್ಲಿ, ಜರ್ಮನ್ನರು ಪ್ಯಾರಿಸ್ ಹಿಡಿದಿದ್ದ ಕಾಲದಲ್ಲಿ. ಈಗ ಅದೇ ಹೆಸರಿನಲ್ಲಿರುವ ಅಂಗಡಿ ಬೇರೆ. ಅದನ್ನು 1951ರಲ್ಲಿ ತೆರೆದವರು ಜಾರ್ಜ್ ವಿಟ್ಮನ್, ಈ ಹೆಸರು ಇಟ್ಟದ್ದು 1964ರಲ್ಲಿ.

ನಾನು ಆ ಕಾರ್ಡುಗಳನ್ನು ನೋಡುತ್ತಾ ತುಂಬ ಹೊತ್ತು ಕಳೆದಿದ್ದೇನೆ. ಬರೆದವರಿಗೆ ಅದು ದಿನದ ಕೆಲಸ, ಅಷ್ಟೇ. ಪುಸ್ತಕ ಕಳೆಯದಿರಲಿ ಅಂತ ಇಟ್ಟ ಲೆಕ್ಕ. ಇವತ್ತು ಅದರಿಂದ ಒಂದು ಇಡೀ ಕಾಲದ ಓದು ಹೇಗಿತ್ತು ಅಂತ ತಿಳಿಯುತ್ತದೆ.

ಈಗ ನಿಮ್ಮ ಪ್ರಶ್ನೆಗಳು.

*ಅಂಗಡಿಯಲ್ಲಿ ಪುಸ್ತಕ ನೋಡಿ, ಫೋಟೋ ತೆಗೆದುಕೊಂಡು, ಆನ್‌ಲೈನ್‌ನಲ್ಲಿ ತರಿಸುವವರ ಮೇಲೆ ಬೇಜಾರಿಲ್ಲವಾ?*

ಬೇಜಾರಾಗುತ್ತದೆ. ಆದರೆ ದುಡ್ಡಿಲ್ಲದ ವಿದ್ಯಾರ್ಥಿ ಹಾಗೆ ಮಾಡಿದರೆ ನಾನು ಏನೂ ಅನ್ನುವುದಿಲ್ಲ. ಅವರು ನಾಳೆಯ ಓದುಗರು. ಕೊಳ್ಳಲು ಶಕ್ತಿ ಇರುವವರಿಗೆ ಒಂದು ಮಾತು ಹೇಳುತ್ತೇನೆ. ಪುಸ್ತಕ ನಮ್ಮಲ್ಲಿ ಇಲ್ಲದಿದ್ದರೆ ತರಿಸಿಕೊಡಿ ಅಂತ ಕೇಳಿ. ಜರ್ಮನಿಯಲ್ಲಿ ಸಂಜೆ ಅಂಗಡಿಯಲ್ಲಿ ಹೇಳಿದ ಪುಸ್ತಕ ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ ಅಲ್ಲೇ ಸಿಗುತ್ತದೆ, ಅಲ್ಲಿನ ಸಗಟು ವಿತರಕರ ವ್ಯವಸ್ಥೆ ಅಷ್ಟು ಗಟ್ಟಿ. ಎಲ್ಲ ಕಡೆ ಅಷ್ಟು ಬೇಗ ಆಗದು. ಆದರೂ ಕೇಳಿ. ನೀವು ಕೇಳಿದ್ದು ನಮಗೆ ಸುದ್ದಿ. ಎರಡನೆಯವರೂ ಅದನ್ನೇ ಕೇಳಿದರೆ ಒಂದು ಪ್ರತಿ ಕಪಾಟಿಗೆ ಬರುತ್ತದೆ.

*ನನ್ನ ಪುಸ್ತಕ ನಾನೇ ಅಚ್ಚು ಹಾಕಿಸಿದ್ದೇನೆ. ಅಂಗಡಿಯವರು ಇಟ್ಟುಕೊಳ್ಳುತ್ತಾರಾ?*

ಬಹಳ ಅಂಗಡಿಗಳು ಮಾರಾಟವಾದ ಮೇಲೆ ದುಡ್ಡು ಕೊಡುವ ಕರಾರಿನ ಮೇಲೆ ಕೆಲವು ಪ್ರತಿ ಇಟ್ಟುಕೊಳ್ಳುತ್ತವೆ. ಬರುವ ಮೊದಲು ಫೋನ್ ಮಾಡಿ. ಶನಿವಾರ ಸಂಜೆ ಬರಬೇಡಿ, ಆಗ ಯಾರಿಗೂ ಪುರುಸೊತ್ತು ಇರುವುದಿಲ್ಲ. ಬೆನ್ನಿನ ಮೇಲೆ ಪುಸ್ತಕದ ಹೆಸರು ಅಚ್ಚು ಹಾಕಿಸಿ. ಎಷ್ಟೋ ಜನ ಮುಖಪುಟಕ್ಕೆ ಕಷ್ಟಪಟ್ಟು ಬೆನ್ನನ್ನು ಖಾಲಿ ಬಿಡುತ್ತಾರೆ. ಕಪಾಟಿನಲ್ಲಿ ಕಾಣುವುದು ಬೆನ್ನು ಮಾತ್ರ.

*ಪುಸ್ತಕದಂಗಡಿ ತೆರೆಯಬೇಕು ಅಂತ ಬಹಳ ಆಸೆ ಇದೆ. ಮೊದಲು ಏನು ಮಾಡಲಿ?*

ತೆರೆಯಿರಿ ಅಂತಲೇ ಹೇಳುತ್ತೇನೆ. ಆದರೆ ಮೊದಲು ಬೇರೆಯವರ ಅಂಗಡಿಯಲ್ಲಿ ಒಂದು ವರ್ಷ ಕೆಲಸ ಮಾಡಿ. ಜನ ತುಂಬಿರುವ ತಿಂಗಳನ್ನೂ ನೋಡಿ, ಯಾರೂ ಬಾರದ ತಿಂಗಳನ್ನೂ ನೋಡಿ. ಜಾಗ ಹುಡುಕುವಾಗ ಬಾಡಿಗೆಯ ಲೆಕ್ಕವನ್ನು ಯಾರೂ ಬಾರದ ತಿಂಗಳಿಗೆ ಹಾಕಿ. ಶುರುವಿಗೆ ಕಡಿಮೆ ಪುಸ್ತಕ ಇಡಿ, ಆದರೆ ಒಂದೊಂದೂ ಯಾಕೆ ಇದೆ ಅಂತ ನಿಮಗೆ ಹೇಳಲು ಬರಬೇಕು. ವಿತರಕರ ಹತ್ತಿರ ಎರಡು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ದುಡ್ಡು ಕಟ್ಟಲು ಎಷ್ಟು ದಿನ ಸಮಯ, ವಾಪಸ್ ಕೊಡಲು ಎಷ್ಟು ದಿನ ಸಮಯ. ಎರಡನೆಯದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಜಾಸ್ತಿ ಇರುತ್ತದೆ. ನಡುವಿನ ಆ ತಿಂಗಳುಗಳಲ್ಲಿ ಹೋಗದ ಪುಸ್ತಕಕ್ಕೂ ನೀವು ದುಡ್ಡು ಕಟ್ಟಿರುತ್ತೀರಿ. ಅಷ್ಟು ದುಡ್ಡನ್ನು ಮೊದಲೇ ಬೇರೆ ಎತ್ತಿಟ್ಟುಕೊಂಡು ಆಮೇಲೆ ಬಾಗಿಲು ತೆರೆಯಿರಿ.